ಮಂಡಿಯೊಳಗಿನ ಮೃದ್ವಸ್ಥಿ ಚೂರು ತೆಗೆಸಿದರೆ ಸಮಸ್ಯೆ ಮುಗಿಯಿತೇ? 10, 20, 30 ವರ್ಷಗಳ ನಂತರ ಏನಾಗುತ್ತದೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಪುಣೆ: 2008ರ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆದಿತ್ತು. ಬಾಲಕಿಯರ ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ಚಿನ್ನ ಗೆದ್ದ 18ರ ಹುಡುಗಿಯ ಹೆಸರು ಸೈನಾ ನೆಹ್ವಾಲ್. ಮುಂದೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು, 2015ರಲ್ಲಿ ವಿಶ್ವದ ನಂಬರ್ ಒನ್ ಪಟ್ಟ. ಆದರೆ 2016ರ ರಿಯೋ ಒಲಿಂಪಿಕ್ಸ್‌ಗೆ ಅವರು ಹೋಗಿದ್ದು ನೋಯುವ ಮಂಡಿಯೊಂದಿಗೆ. ಗುಂಪು ಹಂತದಲ್ಲೇ ಸೋತು ಮರಳಿದ ಅವರಿಗೆ ಅದೇ ಆಗಸ್ಟ್‌ನಲ್ಲಿ ಮುಂಬೈನಲ್ಲಿ ಮಂಡಿ ಶಸ್ತ್ರಚಿಕಿತ್ಸೆ ನಡೆಯಿತು. ಮಂಡಿಯಲ್ಲಿ ಮೂಳೆಯ ಚೂರೊಂದು ಮುರಿದಿದ್ದು ಪತ್ತೆಯಾಗಿತ್ತು ಎಂದು ಆಗ ವರದಿಯಾಗಿತ್ತು.

ಶಸ್ತ್ರಚಿಕಿತ್ಸೆಯಾಗಿ ಐದೇ ತಿಂಗಳಲ್ಲಿ, 2017ರ ಜನವರಿಯಲ್ಲಿ ಸೈನಾ ಮಲೇಷ್ಯಾ ಮಾಸ್ಟರ್ಸ್ ಗೆದ್ದರು. ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು, 2018ರಲ್ಲಿ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. ಎಲ್ಲವೂ ಸರಿಹೋಯಿತು ಎಂದೇ ಅಭಿಮಾನಿಗಳು ಭಾವಿಸಿದ್ದರು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಶೂಟರ್ ಗಗನ್ ನಾರಂಗ್ ಅವರ ಪಾಡ್‌ಕಾಸ್ಟ್‌ನಲ್ಲಿ ಮಾತನಾಡಿದ ಸೈನಾ, ತಮಗೆ ಸಂಧಿವಾತ ಬಂದಿದೆ, ಮಂಡಿಯ ಮೃದ್ವಸ್ಥಿ ಹಾಳಾಗಿದೆ ಎಂದು ಹೇಳಿಕೊಂಡರು. ಆಗ ಅವರ ವಯಸ್ಸು 34.

2016ರ ಗಾಯವೇ ಇದಕ್ಕೆ ಕಾರಣ ಎಂದು ಹೊರಗಿನವರು ಹೇಳಲು ಬರುವುದಿಲ್ಲ. ಎರಡು ದಶಕಗಳ ಕಾಲ ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡಿದ ಮಂಡಿ ಅದು. ಆದರೂ ಮಂಡಿಯಲ್ಲಿ ಚೂರು ಇದೆ ಎಂದು ವೈದ್ಯರಿಂದ ಕೇಳಿಸಿಕೊಂಡ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆಯೊಂದನ್ನು ಈ ಪ್ರಕರಣ ಮುಂದಿಡುತ್ತದೆ: ಚೂರು ತೆಗೆಸಿದ ಮೇಲೆ ಆರು ತಿಂಗಳಲ್ಲಿ ಓಡಾಡಬಹುದು, ಸರಿ. ಇಪ್ಪತ್ತು ವರ್ಷದ ನಂತರ ಆ ಮಂಡಿ ಹೇಗಿರುತ್ತದೆ?

ಬೇರೆ ಬೇರೆ ದೇಶಗಳಲ್ಲಿ ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನಗಳು ಇದಕ್ಕೆ ಉತ್ತರ ಕೊಡುತ್ತವೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಮಂಡಿಯ ಭವಿಷ್ಯ ನಿರ್ಧಾರವಾಗುವುದು ಹೊರಗೆ ತೆಗೆದ ಚೂರಿನಿಂದಲ್ಲ. ಆ ಚೂರು ಎಲ್ಲಿಂದ ಕಿತ್ತು ಬಂತೋ ಆ ಜಾಗದಿಂದ.

ಏನಿದು ಸಡಿಲ ಚೂರು?

ತೊಡೆಮೂಳೆಯ ತುದಿ, ಕಣಕಾಲು ಮೂಳೆಯ ಮೇಲ್ಭಾಗ ಮತ್ತು ಮಂಡಿಚಿಪ್ಪಿನ ಒಳಮೈ, ಈ ಮೂರನ್ನೂ ಹೊಳೆಯುವ ಬಿಳಿ ಪದರವೊಂದು ಹೊದ್ದಿರುತ್ತದೆ. ಇದೇ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್. ಕೆಲವೇ ಮಿಲಿಮೀಟರ್ ದಪ್ಪದ ಈ ಪದರ ಇರುವುದರಿಂದಲೇ ಮೂಳೆಗೆ ಮೂಳೆ ಉಜ್ಜದೆ ಮಂಡಿ ಸಲೀಸಾಗಿ ಮಡಚುತ್ತದೆ.

ಈ ಪದರದಿಂದ ಒಂದು ತುಣುಕು ಕಿತ್ತು ಬಂದು ಕೀಲಿನೊಳಗಿನ ದ್ರವದಲ್ಲಿ ಓಡಾಡತೊಡಗಿದರೆ ಅದನ್ನು ವೈದ್ಯರು ಲೂಸ್ ಬಾಡಿ ಎನ್ನುತ್ತಾರೆ. ಕೆಲವೊಮ್ಮೆ ಬರೀ ಮೃದ್ವಸ್ಥಿ ಇರುತ್ತದೆ, ಕೆಲವೊಮ್ಮೆ ಅದರ ಜೊತೆ ಕೆಳಗಿನ ಮೂಳೆಯೂ ಸೇರಿ ಬಂದಿರುತ್ತದೆ. ಈಗ ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಜಾರಿ ಮಾಯವಾಗುವ ಕಾರಣ ಹಳೆಯ ವೈದ್ಯರು ಇದನ್ನು ಕೀಲಿನೊಳಗಿನ ಇಲಿ ಎಂದೂ ಕರೆಯುತ್ತಿದ್ದರು.

ಮೃದ್ವಸ್ಥಿಗೆ ಪೋಷಣೆ ಸಿಗುವುದು ಮುಖ್ಯವಾಗಿ ಕೀಲಿನ ದ್ರವದಿಂದ. ಹಾಗಾಗಿ ಕಿತ್ತು ಬಂದ ಚೂರು ಸಾಯುವುದಿಲ್ಲ. ದ್ರವದಲ್ಲಿ ತೇಲುತ್ತಲೇ ಪದರ ಪದರವಾಗಿ ಬೆಳೆದು ಮೊದಲಿಗಿಂತ ದೊಡ್ಡದೂ ಆಗಬಹುದು. ಆದರೆ ಅದು ಬಿಟ್ಟು ಬಂದ ಗುಂಡಿಯ ಕಥೆ ಬೇರೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಚರ್ಮಕ್ಕಾದ ಗಾಯದಂತೆ ಅದು ತಾನಾಗಿ ಮಾಯುವುದಿಲ್ಲ. ಹಾಳಾದ ಮೃದ್ವಸ್ಥಿ ಮತ್ತೆ ಸರಿಯಾಗುವುದಿಲ್ಲ ಎಂದು ಬ್ರಿಟನ್‌ನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಇಷ್ಟು ವರ್ಷಗಳ ನಂತರವೂ ಆ ಮಾತು ಬಹುಮಟ್ಟಿಗೆ ನಿಜವೇ ಆಗಿದೆ.

ಚೂರು ಎಲ್ಲಿಂದ ಬರುತ್ತದೆ? ನಾಲ್ಕು ದಾರಿ

ಶಸ್ತ್ರಚಿಕಿತ್ಸೆಯ ದೀರ್ಘಕಾಲದ ಫಲ ಏನು ಎಂಬುದು ಚೂರಿನ ಮೂಲವನ್ನು ಅವಲಂಬಿಸಿದೆ. ಮುಖ್ಯವಾಗಿ ನಾಲ್ಕು ಮೂಲಗಳಿವೆ.

ಮೊದಲನೆಯದು, ಆಸ್ಟಿಯೋಕಾಂಡ್ರೈಟಿಸ್ ಡಿಸೆಕಾನ್ಸ್. ವೈದ್ಯರು ಚಿಕ್ಕದಾಗಿ ಓಸಿಡಿ ಎನ್ನುತ್ತಾರೆ. ಮನಸ್ಸಿಗೆ ಸಂಬಂಧಿಸಿದ ಓಸಿಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹದಿಹರೆಯದವರಲ್ಲಿ, ಅದರಲ್ಲೂ ಆಟೋಟಗಳಲ್ಲಿ ತೊಡಗಿದವರಲ್ಲಿ ಮೃದ್ವಸ್ಥಿಯ ಕೆಳಗಿನ ಮೂಳೆಯ ಸಣ್ಣ ಭಾಗ ದುರ್ಬಲವಾಗಿ, ಮೇಲಿನ ಮೃದ್ವಸ್ಥಿಯ ಸಮೇತ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಜರ್ಮನಿಯ ಶಸ್ತ್ರಚಿಕಿತ್ಸಕ ಫ್ರಾಂಜ್ ಕೋನಿಗ್ 1887ರಲ್ಲಿ ಈ ಹೆಸರು ಕೊಟ್ಟರು. ತೊಡೆಮೂಳೆಯ ತುದಿಯ ಒಳಬದಿಯ ಗುಬುಟಿನಲ್ಲಿ ಇದು ಹೆಚ್ಚು.

ಎರಡನೆಯದು, ಪೆಟ್ಟು. ಕಬಡ್ಡಿ, ಫುಟ್‌ಬಾಲ್ ಆಡುವಾಗ ಕಾಲು ತಿರುಚಿ ಮಂಡಿಚಿಪ್ಪು ಪಕ್ಕಕ್ಕೆ ಜಾರಿದಾಗ, ಅದು ಮತ್ತೆ ಸ್ವಸ್ಥಾನಕ್ಕೆ ಮರಳುವ ಹೊತ್ತಿಗೆ ಮೃದ್ವಸ್ಥಿಯ ತುಣುಕೊಂದನ್ನು ಹಾರಿಸಿಬಿಡಬಹುದು. ಬೈಕ್ ಅಪಘಾತಗಳಲ್ಲೂ ಹೀಗಾಗುತ್ತದೆ.

ಮೂರನೆಯದು, ವಯಸ್ಸಾದವರ ಮಂಡಿ ಸವೆತ, ಅಂದರೆ ಆಸ್ಟಿಯೋಆರ್ಥ್ರೈಟಿಸ್. ಇಲ್ಲಿ ಇಡೀ ಪದರವೇ ಸವೆದು ಸಿಪ್ಪೆ ಏಳುತ್ತಿರುತ್ತದೆ. ಅಂಚಿನಲ್ಲಿ ಬೆಳೆದ ಮೂಳೆಯ ಮುಳ್ಳುಗಳೂ ಮುರಿದು ಬೀಳುತ್ತವೆ.

ನಾಲ್ಕನೆಯದು ಅಪರೂಪದ್ದು, ಸೈನೋವಿಯಲ್ ಕಾಂಡ್ರೊಮ್ಯಾಟೋಸಿಸ್. ಕೀಲಿನ ಒಳಪೊರೆಯೇ ಮೃದ್ವಸ್ಥಿಯ ಕಾಳುಗಳನ್ನು ತಯಾರಿಸುತ್ತದೆ. ಒಂದೇ ಮಂಡಿಯಲ್ಲಿ ಹತ್ತಾರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಳುಗಳು ಸಿಗುತ್ತವೆ.

ಲಕ್ಷಣಗಳೇನು? ಎಕ್ಸ್‌ರೇಯಲ್ಲಿ ಎಲ್ಲವೂ ಕಾಣುವುದಿಲ್ಲ

ಸಡಿಲ ಚೂರಿನ ಮುಖ್ಯ ಲಕ್ಷಣ ಮಂಡಿ ಲಾಕ್ ಆಗುವುದು. ನಡೆಯುತ್ತಿದ್ದಾಗ ಅಥವಾ ನೆಲದಿಂದ ಏಳುವಾಗ ಇದ್ದಕ್ಕಿದ್ದಂತೆ ಕಾಲು ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ, ಚಾಚಲೂ ಆಗದು, ಮಡಚಲೂ ಆಗದು. ಸ್ವಲ್ಪ ಅಲುಗಾಡಿಸಿದರೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಆಮೇಲೆ ಊತ. ಕೆಲವರಿಗೆ ಮಂಡಿಚಿಪ್ಪಿನ ಪಕ್ಕದಲ್ಲಿ ಕಾಳಿನಂಥದ್ದು ಕೈಗೆ ಸಿಕ್ಕು ಜಾರುತ್ತದೆ.

ಬೆಳಗ್ಗೆ ಎದ್ದಾಗಿನ ಬಿಗಿತ ಮತ್ತು ನೋವಿನಿಂದ ಮಂಡಿ ಚಾಚಲು ಹಿಂಜರಿಯುವುದು ಇದಕ್ಕಿಂತ ಬೇರೆ. ಈ ವ್ಯತ್ಯಾಸ ಮುಖ್ಯ ಯಾಕೆಂದರೆ, ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ತೀರ್ಮಾನ ಬಹುಪಾಲು ಇದರ ಮೇಲೆಯೇ ನಿಂತಿದೆ.

ಮೂಳೆ ಸೇರಿಕೊಂಡ ಚೂರು ಎಕ್ಸ್‌ರೇಯಲ್ಲಿ ಕಾಣುತ್ತದೆ. ಬರೀ ಮೃದ್ವಸ್ಥಿಯ ಚೂರು ಕಾಣುವುದಿಲ್ಲ, ಅದಕ್ಕೆ ಎಂಆರ್‌ಐ ಬೇಕು. ಉಲ್ಟಾ ಕೂಡ ಆಗುತ್ತದೆ. ಕೆಲವರ ಮಂಡಿಯ ಹಿಂಭಾಗದಲ್ಲಿ ಫ್ಯಾಬೆಲ್ಲಾ ಎಂಬ ಬಟಾಣಿಯಂಥ ಸಣ್ಣ ಮೂಳೆ ಹುಟ್ಟಿನಿಂದಲೇ ಬರುವ ಗುಣವಾಗಿ ಬೆಳೆದಿರುತ್ತದೆ. ಅದು ರೋಗವಲ್ಲ. ಎಕ್ಸ್‌ರೇ ನೋಡಿದ ಮನೆಯವರು ಅದನ್ನೇ ಚೂರು ಎಂದು ಗಾಬರಿಯಾಗುವುದುಂಟು.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ?

ಮಂಡಿಯಿಂದ ಚೂರು ತೆಗೆಯುವುದು ಹೊಸದೇನಲ್ಲ. ಫ್ರಾನ್ಸ್‌ನ ಅಂಬ್ರಾಸ್ ಪಾರೆ 1558ರಲ್ಲೇ ಮಂಡಿ ಕೊಯ್ದು ಇಂಥ ಚೂರನ್ನು ತೆಗೆದರು ಎಂದು ವೈದ್ಯಕೀಯ ಇತಿಹಾಸ ಹೇಳುತ್ತದೆ. ಅರಿವಳಿಕೆಯೂ ಇಲ್ಲದ, ಸೋಂಕು ತಡೆಯುವ ಔಷಧವೂ ಇಲ್ಲದ ಕಾಲ ಅದು.

ಇಂದಿನ ಕೀಹೋಲ್ ವಿಧಾನದ ಬೇರು ಜಪಾನ್‌ನಲ್ಲಿದೆ. ಟೋಕಿಯೋದ ಕೆಂಜಿ ಟಕಾಗಿ 1918ರಲ್ಲಿ ಮೂತ್ರಕೋಶ ನೋಡುವ ನಳಿಕೆಯಿಂದ ಶವವೊಂದರ ಮಂಡಿಯೊಳಗೆ ಇಣುಕಿದರು. ಕ್ಷಯರೋಗದಿಂದ ಮಂಡಿ ಬಿಗಿದುಕೊಂಡರೆ ನೆಲದ ಮೇಲೆ ಮಂಡಿಯೂರಿ ಕೂರುವ ಜಪಾನೀಯರಿಗೆ ಬದುಕೇ ಕಷ್ಟವಾಗುತ್ತಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ ನಮಗೂ ಆ ಕಷ್ಟ ಅರ್ಥವಾಗುವಂಥದ್ದೇ. ಅವರ ಶಿಷ್ಯ ಮಸಾಕಿ ವಟನಾಬೆ ಆ ನಳಿಕೆಯನ್ನು ಸುಧಾರಿಸಿ, 1962ರಲ್ಲಿ ಮಂಡಿ ತೆರೆಯದೆಯೇ ಮೆನಿಸ್ಕಸ್ ಶಸ್ತ್ರಚಿಕಿತ್ಸೆ ಮಾಡಿದರು.

ಈಗ ಆರ್ತ್ರೋಸ್ಕೋಪಿ ದೊಡ್ಡ ಊರುಗಳಲ್ಲೆಲ್ಲ ನಡೆಯುತ್ತದೆ. ಮಂಡಿಯ ಎರಡೂ ಬದಿ ಬಟನ್ ಗಾತ್ರದ ಸೀಳು, ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಚಿಮುಟದಂಥ ಉಪಕರಣ. ಸಲೈನ್ ಹರಿಸಿ ಕೀಲನ್ನು ಉಬ್ಬಿಸಿ ಮೂಲೆಮೂಲೆಯನ್ನೂ ಹುಡುಕಿ ಚೂರು ಹಿಡಿಯುತ್ತಾರೆ. ಬರೀ ಚೂರು ತೆಗೆಯುವುದಾದರೆ ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಮರಳುತ್ತಾರೆ. ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ತೊಂದರೆಗಳು ವಿರಳ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಪುಣೆಯಲ್ಲಿ 1867ರಿಂದ ನಡೆಯುತ್ತಿರುವ ಸಸೂನ್ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಮೂಳೆ ಚಿಕಿತ್ಸೆಗೇ ಹೆಸರಾದ ಖಾಸಗಿ ಆಸ್ಪತ್ರೆಗಳವರೆಗೆ ಆಯ್ಕೆಗಳಿವೆ. ಊರಿನಲ್ಲಿ ನೆಲೆಸಿರುವ ಕನ್ನಡಿಗರಲ್ಲದೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರೂ ಚಿಕಿತ್ಸೆಗೆ ಇಲ್ಲಿಗೆ ಬರುತ್ತಾರೆ. ದೂರದಿಂದ ಬಂದು ಒಂದೇ ಭೇಟಿಯಲ್ಲಿ ತೀರ್ಮಾನ ಮಾಡಬೇಕಾದವರಿಗೆ ಮುಂದಿನ ಮಾಹಿತಿ ಇನ್ನೂ ಮುಖ್ಯ.

ಮೊದಲ ವರ್ಷ: ಬಹುತೇಕರಿಗೆ ಸಮಾಧಾನ

ನಿಜವಾಗಿಯೂ ಲಾಕ್ ಆಗುತ್ತಿದ್ದ ಮಂಡಿಯಿಂದ ಚೂರು ತೆಗೆದರೆ ಲಾಕ್ ಆಗುವುದು ನಿಲ್ಲುತ್ತದೆ. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ತೆಗೆದಂತೆ. ಊತ ಇಳಿಯುತ್ತದೆ, ಕೆಲವೇ ವಾರಗಳಲ್ಲಿ ಕೆಲಸಕ್ಕೆ ಹೋಗಬಹುದು. ಚೂರನ್ನು ಹಾಗೇ ಬಿಟ್ಟರೆ ಅದು ಪ್ರತಿ ಬಾರಿ ಸಿಕ್ಕಿಕೊಂಡಾಗಲೂ ಆರೋಗ್ಯವಾಗಿರುವ ಮೃದ್ವಸ್ಥಿಯನ್ನು ಗೀರುತ್ತದೆ. ಹಾಗಾಗಿ ತೆಗೆಯುವುದೇ ಸರಿ.

ತೊಂದರೆ ಇರುವುದು ಇಲ್ಲೇ. ನೋವು ಹೋದ ಮೇಲೆ ಬಹಳಷ್ಟು ಮಂದಿ ಮತ್ತೆ ವೈದ್ಯರ ಬಳಿ ಹೋಗುವುದಿಲ್ಲ. ಗುಂಡಿಯ ವಿಚಾರ ಯಾರಿಗೂ ನೆನಪಿರುವುದಿಲ್ಲ.

ಬರೀ ತೆಗೆದುಹಾಕಿದರೆ 10ರಿಂದ 30 ವರ್ಷಗಳಲ್ಲಿ ಏನಾಗುತ್ತದೆ?

ಸ್ವೀಡನ್‌ನ ಮಾಲ್ಮೊ ನಗರದ ವೈದ್ಯ ಬ್ಯೋರ್ನ್ ಲಿಂಡೆನ್ 1977ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ತೊಡೆಮೂಳೆಯ ಓಸಿಡಿ ಇದ್ದವರನ್ನು ಅವರು ಸರಾಸರಿ 33 ವರ್ಷಗಳ ನಂತರ ಪರೀಕ್ಷಿಸಿದ್ದರು. ಮೂಳೆ ಬೆಳೆಯುವ ವಯಸ್ಸಿನಲ್ಲೇ ಓಸಿಡಿ ಬಂದವರ ಮಂಡಿಗಳು ಚೆನ್ನಾಗಿದ್ದವು. ಬೆಳವಣಿಗೆ ಮುಗಿದ ಮೇಲೆ ಬಂದವರಲ್ಲಿ ಹೆಚ್ಚಿನವರಿಗೆ ಮಂಡಿ ಸವೆತ ಬಂದಿತ್ತು. ಅದೂ ಸಾಮಾನ್ಯವಾಗಿ ಮಂಡಿ ಸವೆತ ಬರುವ ವಯಸ್ಸಿಗಿಂತ ಸುಮಾರು ಹತ್ತು ವರ್ಷ ಮೊದಲೇ.

ಹಾಗಾದರೆ ಮಕ್ಕಳಿಗೆ ಅಪಾಯವಿಲ್ಲವೇ? ಬ್ರಿಟನ್‌ನಲ್ಲಿ 1991ರಲ್ಲಿ ಪ್ರಕಟವಾದ ಅಧ್ಯಯನ ಅಷ್ಟು ನಿಶ್ಚಿಂತೆಯಿಂದ ಇರಲು ಬಿಡುವುದಿಲ್ಲ. ಎಳೆ ವಯಸ್ಸಿನಲ್ಲೇ ಓಸಿಡಿ ಕಾಣಿಸಿಕೊಂಡಿದ್ದ 22 ಮಂಡಿಗಳನ್ನು ಮೂರು ದಶಕಕ್ಕೂ ಹೆಚ್ಚು ಕಾಲದ ನಂತರ ನೋಡಿದಾಗ ಶೇ. 32ರಷ್ಟರಲ್ಲಿ ಮಧ್ಯಮ ಅಥವಾ ತೀವ್ರ ಸವೆತ ಇತ್ತು. ಗುಂಡಿ ದೊಡ್ಡದಿದ್ದಷ್ಟೂ ಫಲ ಕೆಟ್ಟದಾಗಿತ್ತು.

ಬರೀ ಚೂರು ತೆಗೆಸಿಕೊಂಡವರನ್ನೇ ನೋಡಿದ ಅಮೆರಿಕದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. 20 ಮಂಡಿಗಳನ್ನು ಸರಾಸರಿ 9 ವರ್ಷ ಹಿಂಬಾಲಿಸಿದಾಗ ಫಲಿತಾಂಶ ಒಟ್ಟಾರೆ ಕಳಪೆಯಾಗಿತ್ತು. ಎಳೆಯರಲ್ಲೂ ಅಷ್ಟೇ, ದೊಡ್ಡವರಲ್ಲೂ ಅಷ್ಟೇ. ಸಾಧ್ಯವಿದ್ದಲ್ಲೆಲ್ಲ ಮೇಲ್ಮೈಯ ಆಕಾರವನ್ನು ಉಳಿಸಿಕೊಳ್ಳಬೇಕು ಎಂಬುದು ಅದರ ಸಲಹೆ.

2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ತಂಡ ಎರಡು ಗುಂಪುಗಳನ್ನು ಹೋಲಿಸಿತು. ಒಂದು, ಚೂರು ತೆಗೆದು ಬಿಟ್ಟವರು. ಇನ್ನೊಂದು, ಚೂರನ್ನು ಮತ್ತೆ ಕೂರಿಸಿದ ಅಥವಾ ಗುಂಡಿಯನ್ನು ತುಂಬಿಸಿದವರು. ಸರಾಸರಿ 16 ವರ್ಷಗಳ ನಂತರ, ಬರೀ ತೆಗೆದುಹಾಕಿದವರ ಗುಂಪಿನಲ್ಲೇ ಮಂಡಿ ಸವೆತ ಸ್ಪಷ್ಟವಾಗಿ ಹೆಚ್ಚಿತ್ತು.

ಕಾರಣ ಸರಳ. ಡಾಂಬರು ರಸ್ತೆಯಲ್ಲಿ ಗುಂಡಿ ಬಿದ್ದರೆ ಅದರ ಅಂಚು ವಾಹನಗಳ ಹೊಡೆತಕ್ಕೆ ದಿನದಿನಕ್ಕೂ ಕುಸಿಯುತ್ತಾ ಹೋಗುತ್ತದೆ. ಮಂಡಿಯಲ್ಲೂ ಅದೇ. ಭಾರ ಗುಂಡಿಯ ಅಂಚಿನ ಮೇಲೆ ಬೀಳುತ್ತದೆ, ಎದುರಿನ ಮೂಳೆಯ ಪದರವೂ ಉಜ್ಜಿಸಿಕೊಳ್ಳುತ್ತದೆ. ಭಾರ ಬೀಳದ ಜಾಗದಲ್ಲಿ ಸಣ್ಣ ಗುಂಡಿ ಇದ್ದರೆ ಹಲವರು ದಶಕಗಳ ಕಾಲ ಏನೂ ಆಗದೆ ಓಡಾಡಿಕೊಂಡಿರುತ್ತಾರೆ. ಭಾರ ಹೊರುವ ಜಾಗದಲ್ಲಿ ದೊಡ್ಡ ಗುಂಡಿ ಇದ್ದರೆ ಹಾಗಲ್ಲ.

ಗುಂಡಿ ತುಂಬುವ ವಿಧಾನಗಳು: ಯಾವುದು ಎಷ್ಟು ಕಾಲ?

ಚೂರನ್ನೇ ಮತ್ತೆ ಕೂರಿಸುವುದು: ಚೂರು ಹೊಸದಾಗಿ ಕಿತ್ತಿದ್ದು, ಒಡೆದು ಪುಡಿಯಾಗದೆ, ಅದರಡಿ ಮೂಳೆಯೂ ಅಂಟಿಕೊಂಡಿದ್ದರೆ ಸ್ಕ್ರೂ ಅಥವಾ ದೇಹದಲ್ಲೇ ಕರಗುವ ಪಿನ್ ಹಾಕಿ ಅದೇ ಜಾಗಕ್ಕೆ ಕೂರಿಸಬಹುದು. ಮೂಳೆ ಕೂಡಿಕೊಂಡರೆ ಸ್ವಂತ ಮೃದ್ವಸ್ಥಿಯೇ ಉಳಿಯುತ್ತದೆ. ಆದರೆ ತಿಂಗಳುಗಟ್ಟಲೆ ತೇಲಿದ ಚೂರು ಬೆಳೆದು ಆಕಾರ ಕೆಟ್ಟಿರುತ್ತದೆ, ಗುಂಡಿಗೆ ಹೊಂದುವುದಿಲ್ಲ. ಹಾಗಾಗಿ ಎಳೆಯರ ಮಂಡಿ ಲಾಕ್ ಆಗುತ್ತಿದ್ದರೆ, ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆ ಬರಲಿ ಎಂದು ಮುಂದೂಡುವುದು ಒಳ್ಳೆಯದಲ್ಲ.

ಮೈಕ್ರೋಫ್ರ್ಯಾಕ್ಚರ್: ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಜನಪ್ರಿಯಗೊಳಿಸಿದ ವಿಧಾನ. ಗುಂಡಿಯ ತಳದ ಮೂಳೆಯಲ್ಲಿ ಸಣ್ಣ ಸಣ್ಣ ತೂತು ಮಾಡಿದಾಗ ಮಜ್ಜೆಯಿಂದ ಬಂದ ಕೋಶಗಳು ಅಲ್ಲಿ ಹೊಸ ಪದರ ಕಟ್ಟುತ್ತವೆ. ಖರ್ಚು ಕಡಿಮೆ. ಆದರೆ ಕಟ್ಟಿಕೊಳ್ಳುವುದು ಗಾಯದ ಕಲೆಯಂಥ ನಾರಿನ ಮೃದ್ವಸ್ಥಿ, ಮೂಲದಷ್ಟು ಗಟ್ಟಿಯಲ್ಲ. ಸಣ್ಣ ಗುಂಡಿಗೆ ಇದು ಪರವಾಗಿಲ್ಲ.

ಮೊಸಾಯಿಕ್‌ಪ್ಲಾಸ್ಟಿ: ಹಂಗೇರಿಯ ಲಾಸ್ಲೊ ಹಾಂಗೋಡಿ 1992ರಲ್ಲಿ ಆರಂಭಿಸಿದ್ದು. ಭಾರ ಬೀಳದ ಜಾಗದಿಂದ ಮೂಳೆ ಸಮೇತ ಮೃದ್ವಸ್ಥಿಯ ಸಣ್ಣ ಕಡ್ಡಿಗಳನ್ನು ತೆಗೆದು ಗುಂಡಿಯಲ್ಲಿ ನೆಡುತ್ತಾರೆ.

ಕೋಶ ಕಸಿ: ರೋಗಿಯದೇ ಮೃದ್ವಸ್ಥಿ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ಗುಂಡಿಗೆ ತುಂಬಿಸುವುದು. ಸ್ವೀಡನ್‌ನ ಗೋಥೆನ್‌ಬರ್ಗ್ ತಂಡ 1994ರಲ್ಲಿ 23 ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಜಗತ್ತಿನ ಗಮನ ಇತ್ತ ಹರಿಯಿತು. ಭಾರತದಲ್ಲೂ 2017ರಲ್ಲಿ ಇಂಥ ಕೋಶ ಚಿಕಿತ್ಸೆಗೆ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ಕೋಶ ಬೆಳೆಸುವ ಪ್ರಯೋಗಾಲಯ ಇರುವುದು ಪುಣೆ ಜಿಲ್ಲೆಯದೇ ಆದ ಲೋನಾವಳದಲ್ಲಿ.

ದುಬಾರಿ ಚಿಕಿತ್ಸೆಯೇ ಉತ್ತಮವೇ? ಹಾಗೆನ್ನಲು ಬರುವುದಿಲ್ಲ. ನಾರ್ವೆಯಲ್ಲಿ 80 ರೋಗಿಗಳನ್ನು ಅರ್ಧರ್ಧ ಹಂಚಿ, 40 ಮಂದಿಗೆ ಕೋಶ ಕಸಿ, 40 ಮಂದಿಗೆ ಮೈಕ್ರೋಫ್ರ್ಯಾಕ್ಚರ್ ಮಾಡಲಾಯಿತು. ಸುಮಾರು 15 ವರ್ಷಗಳ ನಂತರದ ಫಲಿತಾಂಶ 2016ರಲ್ಲಿ ಹೊರಬಂತು. ಕೋಶ ಕಸಿ 17 ಮಂದಿಯಲ್ಲಿ, ಮೈಕ್ರೋಫ್ರ್ಯಾಕ್ಚರ್ 13 ಮಂದಿಯಲ್ಲಿ ವಿಫಲವಾಗಿತ್ತು. ಉಳಿದವರ ನೋವು, ಓಡಾಟದ ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಎಕ್ಸ್‌ರೇಯಲ್ಲಿ ಮಂಡಿ ಸವೆತದ ಆರಂಭ ಕ್ರಮವಾಗಿ ಶೇ. 57 ಮತ್ತು ಶೇ. 48ರಷ್ಟು ಮಂದಿಯಲ್ಲಿ ಕಂಡಿತ್ತು.

ಇನ್ನೊಂದು ಚಿತ್ರವೂ ಇದೆ. ಕೋಶ ಕಸಿ ಶುರು ಮಾಡಿದ ಸ್ವೀಡನ್ ತಂಡ ತನ್ನ ಹಳೆಯ ರೋಗಿಗಳಿಗೆ 10ರಿಂದ 20 ವರ್ಷಗಳ ನಂತರ ಪತ್ರ ಬರೆದು ಕೇಳಿತು. ಉತ್ತರಿಸಿದ 224 ಮಂದಿಯಲ್ಲಿ ಶೇ. 74ರಷ್ಟು ಜನ ಸ್ಥಿತಿ ಹಿಂದಿನಂತೆಯೇ ಇದೆ ಅಥವಾ ಸುಧಾರಿಸಿದೆ ಎಂದರು. ಶೇ. 92ರಷ್ಟು ಜನ ಶಸ್ತ್ರಚಿಕಿತ್ಸೆಯಿಂದ ತೃಪ್ತರಾಗಿದ್ದರು. ಆದರೆ ಇದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ಪತ್ರ ಹೋದ ಎಲ್ಲರೂ ಉತ್ತರಿಸಿರಲೂ ಇಲ್ಲ. ಲಂಡನ್‌ನಲ್ಲಿ ನೂರು ರೋಗಿಗಳ ಮೇಲೆ ನಡೆದ ಮತ್ತೊಂದು ಹೋಲಿಕೆಯಲ್ಲಿ ಕನಿಷ್ಠ ಹತ್ತು ವರ್ಷಗಳ ನಂತರ ಮೊಸಾಯಿಕ್‌ಪ್ಲಾಸ್ಟಿ ಶೇ. 55ರಷ್ಟು, ಕೋಶ ಕಸಿ ಶೇ. 17ರಷ್ಟು ವಿಫಲವಾಗಿದ್ದವು.

ಈ ಎಲ್ಲ ಅಂಕಿಅಂಶಗಳನ್ನು ಒಟ್ಟಿಗೆ ನೋಡಿದರೆ ತಿಳಿಯುವುದಿಷ್ಟು. ಗುಂಡಿ ತುಂಬಿಸಿಕೊಂಡವರಲ್ಲಿ ಹಲವರು ಒಂದೂವರೆ ದಶಕ ಚೆನ್ನಾಗಿರುತ್ತಾರೆ. ಆದರೆ ಯಾವ ವಿಧಾನವೂ ಹುಟ್ಟಿನಿಂದ ಬಂದ ಮೃದ್ವಸ್ಥಿಯನ್ನು ಹಾಗೇ ಮರಳಿ ಕೊಡುವುದಿಲ್ಲ. ಸ್ವಂತ ಚೂರನ್ನೇ ಉಳಿಸಿಕೊಳ್ಳುವ ಅವಕಾಶವಿದ್ದರೆ ಅದಕ್ಕೇ ಮೊದಲ ಆದ್ಯತೆ.

ವಯಸ್ಸಾದವರಿಗೆ ಬೇರೆಯೇ ಲೆಕ್ಕ

60 ದಾಟಿದ ತಾಯಿಗೆ ಮಂಡಿ ನೋವು. ಎಕ್ಸ್‌ರೇಯಲ್ಲಿ ಸವೆತದ ಜೊತೆಗೆ ಒಂದೆರಡು ಚೂರು. ಕ್ಯಾಮೆರಾ ಹಾಕಿ ಕ್ಲೀನ್ ಮಾಡಿಸಿಬಿಡೋಣ ಎಂದು ಮಕ್ಕಳು ಯೋಚಿಸುತ್ತಾರೆ. ಇಲ್ಲಿ ತಡೆದು ಯೋಚಿಸಬೇಕು.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆತವಿದ್ದ 180 ಮಂದಿಯ ಮೇಲೆ ನಡೆದ ಪ್ರಯೋಗದ ವರದಿ 2002ರಲ್ಲಿ ಬಂತು. ಕೆಲವರಿಗೆ ಕೀಹೋಲ್ ಮೂಲಕ ಮಂಡಿ ಸ್ವಚ್ಛ ಮಾಡಲಾಯಿತು, ಕೆಲವರಿಗೆ ಬರೀ ತೊಳೆಯಲಾಯಿತು, ಇನ್ನು ಕೆಲವರಿಗೆ ಚರ್ಮ ಮಾತ್ರ ಸೀಳಿ ಹೊಲಿಗೆ ಹಾಕಲಾಯಿತು. ಎರಡು ವರ್ಷಗಳ ಕಾಲ ನೋಡಿದರೂ ಮೂರು ಗುಂಪುಗಳ ನಡುವೆ ನೋವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. 2008ರಲ್ಲಿ ಕೆನಡಾದಿಂದ ಬಂದ ಮತ್ತೊಂದು ಪ್ರಯೋಗವೂ, ಫಿಸಿಯೋಥೆರಪಿ ಮತ್ತು ಔಷಧಕ್ಕಿಂತ ಕೀಹೋಲ್ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಲಾಭವಿಲ್ಲ ಎಂದಿತು.

ಬ್ರಿಟನ್‌ನ ನೈಸ್ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಖಚಿತವಾಗಿ ಹೇಳಿತು. ಮಂಡಿ ಸವೆತದವರಿಗೆ ಇಂಥ ಶಸ್ತ್ರಚಿಕಿತ್ಸೆ ಬೇಡ, ಮಂಡಿ ನಿಜವಾಗಿ ಲಾಕ್ ಆಗುವ ಸ್ಪಷ್ಟ ಇತಿಹಾಸ ಇದ್ದರೆ ಮಾತ್ರ ಯೋಚಿಸಬಹುದು. ಎಕ್ಸ್‌ರೇಯಲ್ಲಿ ಚೂರು ಕಂಡಿತು ಎಂಬುದಷ್ಟೇ ಕಾರಣವಾಗದು ಎಂದೂ ಅದರಲ್ಲಿತ್ತು. 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಮಿತಿಯೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಸವೆದ ಮಂಡಿ ಇರುವ ಬಹುತೇಕ ಎಲ್ಲರಿಗೂ ಆರ್ತ್ರೋಸ್ಕೋಪಿ ಬೇಡ ಎಂದು ಬಲವಾಗಿ ಶಿಫಾರಸು ಮಾಡಿತು.

ಅಂದರೆ ಸವೆದ ಮಂಡಿಯಲ್ಲಿ ಚೂರು ರೋಗವಲ್ಲ, ರೋಗದ ಗುರುತು. ಚೂರು ತೆಗೆದರೂ ಸವೆತ ನಿಲ್ಲುವುದಿಲ್ಲ, ಹೊಸ ಚೂರುಗಳು ಬರುತ್ತಲೇ ಇರುತ್ತವೆ.

ಕಾಳು ಹುಟ್ಟಿಸುವ ಮಂಡಿ: ಮತ್ತೆ ಬರಬಹುದು

ಸೈನೋವಿಯಲ್ ಕಾಂಡ್ರೊಮ್ಯಾಟೋಸಿಸ್‌ನಲ್ಲಿ ಕಾಳುಗಳನ್ನು ತೆಗೆದ ಮೇಲೂ ಒಳಪೊರೆ ಅವನ್ನು ಮತ್ತೆ ಹುಟ್ಟಿಸಬಹುದು. ಹಾಗಾಗಿ ಪೊರೆ ಇನ್ನೂ ಸಕ್ರಿಯವಾಗಿದ್ದರೆ ಅದನ್ನೂ ಸೇರಿಸಿ ತೆಗೆಯುತ್ತಾರೆ. ತೀರಾ ವಿರಳವಾಗಿ ಇದು ಕ್ಯಾನ್ಸರ್‌ಗೆ ತಿರುಗಬಹುದಾದ್ದರಿಂದ ತೆಗೆದ ಅಂಗಾಂಶವನ್ನು ಬಯಾಪ್ಸಿಗೆ ಕಳುಹಿಸಬೇಕು. ವರ್ಷಗಳ ಕಾಲ ತಪಾಸಣೆ ತಪ್ಪಿಸಬಾರದು.

ಫಲಿತಾಂಶ ಉತ್ತಮಗೊಳಿಸುವುದು ಯಾರ ಕೈಯಲ್ಲಿದೆ?

ವಯಸ್ಸು, ಗುಂಡಿಯ ಗಾತ್ರ, ಅದು ಇರುವ ಜಾಗ ರೋಗಿಯ ಕೈಯಲ್ಲಿಲ್ಲ. ಆದರೆ ಕೆಲವು ಸಂಗತಿಗಳಿವೆ.

ತೂಕ: ಒಂದು ಕೆ.ಜಿ. ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ ಎಂದು ಅಮೆರಿಕದಲ್ಲಿ ಮಂಡಿ ಸವೆತವಿದ್ದ ಹಿರಿಯರ ಮೇಲೆ ನಡೆದ ಅಧ್ಯಯನ 2005ರಲ್ಲಿ ತೋರಿಸಿತ್ತು.

ತೊಡೆಯ ಸ್ನಾಯು: ಮಂಡಿಯ ಶಾಕ್ ಅಬ್ಸಾರ್ಬರ್ ಎಂದರೆ ತೊಡೆಯ ಮುಂಭಾಗದ ಸ್ನಾಯುಗಳು. ಶಸ್ತ್ರಚಿಕಿತ್ಸೆಯ ನಂತರ ಅವು ಬೇಗ ಸೊರಗುತ್ತವೆ. ಫಿಸಿಯೋಥೆರಪಿಯನ್ನು ಹದಿನೈದು ದಿನಕ್ಕೆ ನಿಲ್ಲಿಸಬಾರದು.

ಊರುಗೋಲು: ಗುಂಡಿ ತುಂಬಿಸಿದವರಿಗೆ, ಚೂರು ಕೂರಿಸಿದವರಿಗೆ ಹಲವು ವಾರ ಕಾಲಿನ ಮೇಲೆ ಭಾರ ಹಾಕಬೇಡಿ ಎನ್ನುತ್ತಾರೆ. ನೋವಿಲ್ಲವೆಂದು ಊರುಗೋಲು ಬಿಟ್ಟರೆ ಕೂಡುತ್ತಿರುವುದೂ ಕಿತ್ತು ಬರಬಹುದು.

ಜೊತೆಗಿನ ದೋಷ: ಕಾಲು ಬಿಲ್ಲಿನಂತೆ ಬಾಗಿದ್ದರೆ, ಲಿಗಮೆಂಟ್ ಹರಿದಿದ್ದರೆ, ಮಂಡಿಚಿಪ್ಪು ಪದೇ ಪದೇ ಜಾರುತ್ತಿದ್ದರೆ ಅದನ್ನೂ ಸರಿಪಡಿಸಬೇಕು. ಇಲ್ಲದಿದ್ದರೆ ತುಂಬಿಸಿದ ಗುಂಡಿ ಮತ್ತೆ ಬೀಳುತ್ತದೆ.

ಆಟಕ್ಕೆ ಮರಳುವುದು: ಸೇನೆ, ಪೊಲೀಸ್ ನೇಮಕಾತಿಗೆ ಓಡುವ ಯುವಕರು ದಿನಾಂಕ ನೋಡಿ ಮೈದಾನಕ್ಕೆ ಇಳಿಯುತ್ತಾರೆ. ಸ್ನಾಯುಬಲ ಎರಡೂ ಕಾಲಿನಲ್ಲಿ ಸಮವಾಗಿದೆಯೇ, ಓಡಿದ ಮೇಲೆ ಊತ ಬರುತ್ತಿದೆಯೇ ಎಂಬುದನ್ನು ನೋಡಿ ಇಳಿಯಬೇಕು. ಊತವೆಂದರೆ ಮಂಡಿ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆಗಳು

ಶಸ್ತ್ರಚಿಕಿತ್ಸೆಗೆ ಮುನ್ನ:
- ಚೂರು ಎಲ್ಲಿಂದ ಕಿತ್ತು ಬಂದಿದೆ? ಆ ಜಾಗದ ಮೇಲೆ ಭಾರ ಬೀಳುತ್ತದೆಯೇ?
- ಗುಂಡಿಯ ಗಾತ್ರ ಎಷ್ಟು?
- ಚೂರನ್ನು ಮತ್ತೆ ಕೂರಿಸಲು ಸಾಧ್ಯವೇ? ಸಾಧ್ಯವೆಂದಾದರೆ ಅದೇ ದಿನ ಮಾಡುವ ಸಿದ್ಧತೆ ಇದೆಯೇ?
- ಸಾಧ್ಯವಿಲ್ಲದಿದ್ದರೆ ಗುಂಡಿಗೆ ಏನು ಮಾಡುತ್ತೀರಿ?
- ಶಸ್ತ್ರಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ?

ಶಸ್ತ್ರಚಿಕಿತ್ಸೆಯ ನಂತರ ಡಿಸ್ಚಾರ್ಜ್ ಸಾರಾಂಶದ ಜೊತೆ ಆಪರೇಷನ್ ನೋಟ್ ಮತ್ತು ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳ ಪ್ರತಿಯನ್ನು ಕೇಳಿ ಪಡೆಯಿರಿ. ಹದಿನೈದು ವರ್ಷಗಳ ನಂತರ ಬೇರೆ ಊರಿನಲ್ಲಿ, ಬೇರೆ ವೈದ್ಯರ ಮುಂದೆ ಕೂತಾಗ ಅವೇ ದಾರಿ ತೋರಿಸುತ್ತವೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೂ ಸಾಕು.

ಶಸ್ತ್ರಚಿಕಿತ್ಸೆಯ ನಂತರ ಜ್ವರ, ಮಂಡಿ ಕೆಂಪಾಗಿ ಬಿಸಿಯಾಗುವುದು, ಮೀನಖಂಡ ಊದಿ ನೋಯುವುದು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಮೆಟ್ಟಿಲು ಮಂಡಿ ಬದಲಾವಣೆ

ಸವೆತ ವಿಪರೀತವಾದರೆ ಉಳಿಯುವ ದಾರಿ ಕೃತಕ ಮಂಡಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಇದರ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ ಆಗ ನಿಗದಿಯಾದ ದರ ತೆರಿಗೆ ಬಿಟ್ಟು 54,720 ರೂಪಾಯಿ. ಕೃತಕ ಮಂಡಿಗಳಲ್ಲಿ ಸುಮಾರು ಶೇ. 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳುತ್ತದೆ. 65ರ ಅಜ್ಜಿಗೆ ಇದು ಒಳ್ಳೆಯ ಸುದ್ದಿ. 35ರ ಯುವಕನಿಗೆ ಅಲ್ಲ, ಅವನ ಮುಂದೆ ಇನ್ನೂ 40 ವರ್ಷಗಳ ಬದುಕಿದೆ. ಎಳೆ ವಯಸ್ಸಿನಲ್ಲಿ ಸ್ವಂತ ಮೃದ್ವಸ್ಥಿಯನ್ನು ಉಳಿಸಿಕೊಳ್ಳಲು ಇಷ್ಟು ಒತ್ತು ಕೊಡುವುದು ಇದಕ್ಕೇ.

ಸೈನಾ ಕೊನೆಯ ಬಾರಿ ಅಂತಾರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ್ದು 2023ರ ಸಿಂಗಪುರ ಓಪನ್‌ನಲ್ಲಿ. ಶಸ್ತ್ರಚಿಕಿತ್ಸೆ ಅವರಿಗೆ ಒಂದು ವಿಶ್ವ ಪದಕ, ಒಂದು ಕಾಮನ್‌ವೆಲ್ತ್ ಚಿನ್ನದಷ್ಟು ಕಾಲವನ್ನು ಕೊಟ್ಟಿತು ಎನ್ನಬಹುದು, ಅದು ಸಣ್ಣದೇನಲ್ಲ. ಅವರು ಚಿನ್ನ ಗೆದ್ದ ಪುಣೆಯಲ್ಲಿ ಇಂದಿಗೂ ಹುಡುಗ ಹುಡುಗಿಯರು ಬೆಳಗ್ಗೆ ಬ್ಯಾಟ್ ಹಿಡಿದು ಅಭ್ಯಾಸಕ್ಕೆ ಬರುತ್ತಾರೆ. ಅವರಲ್ಲೊಬ್ಬರು ಮಂಡಿ ಕಚ್ಚಿಕೊಳ್ಳುತ್ತಿದೆ ಎಂದರೆ ಸ್ಪ್ರೇ ಹೊಡೆದು, ನೀ ಕ್ಯಾಪ್ ಹಾಕಿ ಆಡಿಸಬೇಡಿ. ಅದೇ ವಾರ ಮೂಳೆ ತಜ್ಞರಿಗೆ ತೋರಿಸಿ. ಚೂರು ಇನ್ನೂ ತನ್ನ ಜಾಗಕ್ಕೆ ಹೊಂದುವಂತಿರುವಾಗಲೇ ಸಿಕ್ಕರೆ, ಆ ಮಗುವಿನ ಮುಂದಿನ ಮೂವತ್ತು ವರ್ಷಗಳ ನಡಿಗೆಯೇ ಬೇರೆಯಾಗಬಹುದು.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆಯ ತೀರ್ಮಾನವನ್ನು ನಿಮ್ಮ ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳಿ.)